ಅರವತ್ತೆಂಟು ಡಿಗ್ರಿಯವರೆಗೆ ನಾನು ಮಾತಾಡುವುದಿಲ್ಲ

ಶಿರಸಿಯ ಒಂದು ಕಟ್ಟಡ. ಕಟ್ಟಿದಾಗ ಕಚೇರಿ, ನಡುವೆ ಕೆಲಕಾಲ ಟ್ಯೂಶನ್ ಕ್ಲಾಸು, ಈಗ ಅಡಿಕೆ ಮತ್ತು ಹಾಳೆತಟ್ಟೆಯ ಗೋದಾಮು. ಸೂರಿನಿಂದ ತಲೆಕೆಳಗಾಗಿ ನೇತಾಡುವ ಸ್ಪ್ರಿಂಕ್ಲರ್ ಮಹಾಶಯರನ್ನು ಚಾಲಿ ಅಡಿಕೆಯ ಮೂಟೆಗಳ ಮೇಲೆ ಕೂತು ಮಾತಾಡಿಸಿದೆವು. ಏಣಿ ಬೇಕಾಗಲಿಲ್ಲ.

ಪ್ರಶ್ನೆ: ಆರಾಮಿದ್ದೀರಾ?

ಸ್ಪ್ರಿಂಕ್ಲರ್: ಬನ್ನಿ, ಸ್ವಲ್ಪ ಬಗ್ಗಿ ಕೂರಿ, ನಿಮ್ಮ ತಲೆ ನನಗೆ ತಾಗುತ್ತಿದೆ. ನನ್ನ ಕೆಳಗೆ ಅರ್ಧ ಮೀಟರ್ ಖಾಲಿ ಇದ್ದರೆ ತಾನೇ ನೀರು ಹರಡುವುದು! ಆಸರಿಗೆ ಏನಾದರೂ ಕೊಡಬೇಕಿತ್ತು. ವಾಲ್ವ್ ಬಂದ್ ಮಾಡಿ ಹೋದವರು ತಿರುಗಿ ಬಂದಿಲ್ಲ.

ಪ್ರಶ್ನೆ: ತೋಟದಲ್ಲಿ ಗಿರ್ರನೆ ತಿರುಗುವವರು ನಿಮ್ಮ ನೆಂಟರಾ?

ಸ್ಪ್ರಿಂಕ್ಲರ್: ದೂರದ ದಾಯಾದಿ. ಕರೆಂಟ್ ಬಂದರೆ ಅವನಿಗೆ ಕೆಲಸ, ಬೆಂಕಿ ಬಿದ್ದರೆ ನನಗೆ. ಈ ಸುಣ್ಣಬಣ್ಣದಡಿ ಒಂದು ಕೆಂಪು ಗಾಜಿನ ಬಲ್ಬ್ ಇದೆ. 68 ಡಿಗ್ರಿ ಸೆಲ್ಸಿಯಸ್‌ಗೆ ಒಳಗಿನ ದ್ರವ ಉಬ್ಬಿ ಗಾಜು ಒಡೆಯಬೇಕು, ನೀರಿಗೆ ದಾರಿಯಾಗಬೇಕು. ದೀಪಾವಳಿಗೆ ಪೇಂಟ್ ಹೊಡೆದವರು ನನ್ನನ್ನೂ ಸೂರೆಂದೇ ತಿಳಿದು ಬಳಿದರು. ಈಗ ಬಿಸಿ ತಾಗುವುದೂ ತಡ. ಕೊರಳಲ್ಲಿರುವುದು ಗಣೇಶ ಚೌತಿಯ ಮಾವಿನ ತೋರಣ, ಬಿಚ್ಚಿಲ್ಲ.

ಪ್ರಶ್ನೆ: ಒಬ್ಬರು ಒಡೆದರೆ ಎಲ್ಲರೂ ಒಡೆದು ಅಡಿಕೆ ಪೂರಾ ನೆನೆಯುತ್ತದಂತೆ?

ಸ್ಪ್ರಿಂಕ್ಲರ್: ಅದು ಸಿನಿಮಾದಲ್ಲಿ. ಬಿಸಿ ತಾಗಿದವರು ಮಾತ್ರ ಬಾಯಿ ಬಿಡುತ್ತೇವೆ. ಸರ್ವಸಾಧಾರಣ ಸಭೆ ಕರೆದು ಠರಾವು ಮಾಡುವ ಪದ್ಧತಿ ನಮ್ಮಲ್ಲಿಲ್ಲ. 1874ರಲ್ಲಿ ಅಮೆರಿಕದ ಹೆನ್ರಿ ಪಾರ್ಮೆಲಿ ತನ್ನ ಪಿಯಾನೊ ಕಾರ್ಖಾನೆ ಉಳಿಸಿಕೊಳ್ಳಲು ನಮ್ಮ ಪೂರ್ವಜನನ್ನು ಮಾಡಿದ. ಪಿಯಾನೊ ನೆನೆಯುವ ಚಿಂತೆ ಅವನಿಗೂ ಇದ್ದಿರಬೇಕಲ್ಲ!

ಪ್ರಶ್ನೆ: ಹಾಗಾದರೆ ನಿಮ್ಮ ತಕರಾರೇನು?

ಸ್ಪ್ರಿಂಕ್ಲರ್: ಲೆಕ್ಕ ಕೇಳಿ. ನನ್ನನ್ನು ಕೂರಿಸಿದ್ದು ಕಚೇರಿಗೆ. ಕಚೇರಿ ಎಂದರೆ ಲಘು ಅಪಾಯ. ಭಾರತೀಯ ಮಾನಕ 15105ರ ಪ್ರಕಾರ ಒಬ್ಬೊಬ್ಬನಿಗೆ 21 ಚದರ ಮೀಟರ್ ಜಹಗೀರು, ಚದರ ಮೀಟರಿಗೆ ನಿಮಿಷಕ್ಕೆ 2.25 ಲೀಟರ್, ಅಂದಾಜು ಬೆಂಕಿ 84 ಚದರ ಮೀಟರ್. ಅಂದರೆ ನಾವು ನಾಲ್ವರು ಸೇರಿ ನಿಮಿಷಕ್ಕೆ 189 ಲೀಟರ್. ಮೇಜು, ಕುರ್ಚಿ, ಹಳೇ ಫೈಲು ಹೊತ್ತಿಕೊಂಡರೆ ಧಾರಾಳ. ಮಧ್ಯಮ ಅಪಾಯಕ್ಕೆ ಹೋದರೆ ತಲೆಗೆ 12 ಚದರ ಮೀಟರ್, 5 ಲೀಟರ್, 360 ಚದರ ಮೀಟರ್. ಮೂವತ್ತು ಜನ, ನಿಮಿಷಕ್ಕೆ 1800 ಲೀಟರ್. ಹೀಗೆ ಸೂರು ಮುಟ್ಟುವಂತೆ ಒಟ್ಟಿದ ಗೋದಾಮಿಗೆ ಅದೂ ಸಾಲದು. ಬೋರ್ಡು ಬದಲಾಯಿತು, ಪೈಪು, ಪಂಪು, ಟ್ಯಾಂಕಿ ಅದೇ.

ಪ್ರಶ್ನೆ: ಕಾಗದದಲ್ಲಿ ವರ್ಗೀಕರಣ ಇರುತ್ತದಲ್ಲ?

ಸ್ಪ್ರಿಂಕ್ಲರ್: ಇದೆಯಪ್ಪ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕಚೇರಿ ‘ಇ’, ಗೋದಾಮು ‘ಎಚ್’, ಅಪಾಯಕಾರಿ ಕಟ್ಟಡ ‘ಜೆ’. ನಡುವೆ ‘ಐ’ ಬಿಟ್ಟಿದ್ದಾರೆ. ಬಹುಶಃ ಕಾಗದದಲ್ಲಿ ಒಂದು, ಒಳಗೆ ಇನ್ನೊಂದು ಆಗಿರುವ ಕಟ್ಟಡಗಳಿಗೆಂದು ಕಾಯ್ದಿರಿಸಿರಬೇಕು. ಆದರೂ ಅಕ್ಷರ ನೋಡಿ ನೀರು ಬಿಡಲಾಗುವುದಿಲ್ಲ. ‘ಎಚ್’ ಒಳಗೆ ಸಿಮೆಂಟ್ ಚೀಲವೂ ಬಂತು, ಪ್ಲಾಸ್ಟಿಕ್ ಹೊದ್ದ ಹಾಳೆತಟ್ಟೆಯ ಕಟ್ಟೂ ಬಂತು. ಸಿಮೆಂಟಿಗೆ ಬೆಂಕಿ ಹತ್ತಿದ್ದನ್ನು ನೀವು ಕಂಡಿದ್ದೀರಾ?

ಪ್ರಶ್ನೆ: ಯಲ್ಲಾಪುರ, ಸಿದ್ದಾಪುರದ ಕಡೆಯ ಕಟ್ಟಡಗಳಲ್ಲಿ ಹೇಗೆ?

ಸ್ಪ್ರಿಂಕ್ಲರ್: ಯಲ್ಲಾಪುರದ ಸಾಮಿಲ್ಲಿನಲ್ಲಿ ತೊಲೆಗಿಂತ ಹುಡಿಗೆ ಹೆದರಬೇಕು. ತೊಲೆ ಹೊತ್ತಲು ಹೊತ್ತು ಬೇಕು, ಗಾಳಿಗೆದ್ದ ಹುಡಿ ಪುರುಸೊತ್ತು ಕೊಡುವುದಿಲ್ಲ. ಸಿದ್ದಾಪುರದಲ್ಲಿ ಅಡಿಕೆ ಒಣಗಿಸುವ ಅಟ್ಟಕ್ಕೆ ನಾನು ಆಗಿಬರುವವನಲ್ಲ. ಕೆಳಗೆ ಒಲೆ ಉರಿದರೆ ಸುಮ್ಮಸುಮ್ಮನೆ ಒಡೆದೇನು. ಅಲ್ಲಿಗೆ 93 ಡಿಗ್ರಿಯ ಹಸಿರು ಬಲ್ಬಿನವ ಬೇಕು. ಪಟಾಕಿ ಗೋದಾಮಿಗಂತೂ ನನ್ನನ್ನು ನಂಬಿ ಕೂರಬೇಡಿ. ಅತ್ತಿಬೆಲೆಯ ಪಟಾಕಿ ಗೋದಾಮಿಗೆ 2023ರ ಅಕ್ಟೋಬರ್ 7ರಂದು ಬೆಂಕಿ ಬಿದ್ದದ್ದು ಗೊತ್ತಿದೆಯಲ್ಲ. ಅಲ್ಲಿ ದಾಸ್ತಾನು ಮಿತಿಯಲ್ಲಿಡುವುದೇ ಮದ್ದು.

ಪ್ರಶ್ನೆ: ಇಲ್ಲಿಗೆ ತಪಾಸಣೆಗೆ ಯಾರೂ ಬರಲಿಲ್ಲವೇ?

ಸ್ಪ್ರಿಂಕ್ಲರ್: ಬಂದಿದ್ದರು. ನಕ್ಷೆ ಹಿಡಿದು ನಮ್ಮನ್ನು ಎಣಿಸಿದರು. ತಲೆಗಳ ಲೆಕ್ಕ ಸರಿಹೋಯಿತು, ರೈಟ್ ಹಾಕಿ ಕವಳ ಹಾಕಿದರು. ಕತ್ತು ಮೇಲೆತ್ತಿದವರು ಕೆಳಗೇನಿದೆ ಎಂದು ನೋಡುವ ಹೊತ್ತಿಗೆ ಚಾ ಬಂತು.

ಪ್ರಶ್ನೆ: ವರ್ಷದಲ್ಲಿ ಯಾವಾಗ ನಿಮಗೆ ಹೆಚ್ಚು ಹೆದರಿಕೆ? ಬೇಸಿಗೆಯಲ್ಲೇ?

ಸ್ಪ್ರಿಂಕ್ಲರ್: ಅಡಿಕೆ ದರ ಬಿದ್ದಾಗ. ದರ ಏರಿದರೆ ಮೂಟೆ ಲಾರಿ ಹತ್ತುತ್ತದೆ, ನಾನು ಉಸಿರಾಡುತ್ತೇನೆ. ಬಿದ್ದರೆ ‘ನಾಕು ದಿನ ನೋಡುವ’ ಎಂದು ಎಲ್ಲರೂ ತಡೆದಿಡುತ್ತಾರೆ. ಲಘು ಅಪಾಯ ಮಧ್ಯಮವಾಗಿ, ಮಧ್ಯಮ ಅಧಿಕವಾಗುವುದು ಮಾರುಕಟ್ಟೆಯಲ್ಲಿ. ನನ್ನ ನಕ್ಷೆ ಬರೆದ ಎಂಜಿನಿಯರ್ ಪೇಪರಿನ ಧಾರಣೆ ಪುಟ ಓದುವವರಲ್ಲ.

ಪ್ರಶ್ನೆ: ಇವತ್ತಿನ ಧಾರಣೆ ಹೇಗಿದೆ?

ಸ್ಪ್ರಿಂಕ್ಲರ್: ಅದನ್ನು ಸಾಹುಕಾರರನ್ನೇ ಕೇಳಿ. ನೀವು ಕೂತಿರುವ ಸಾಲು ನಿನ್ನೆ ಇರಲಿಲ್ಲ.