ಸಿಲೆಬಸ್ಸೋತ್ಪತ್ತಿ ಮೀಮಾಂಸೆ

ಯಾವ ಶಾಸ್ತ್ರಗ್ರಂಥಕ್ಕೂ ಅನುಬಂಧ ಚತುಷ್ಟಯ ಇರಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ: ಪದವಿ ತರಗತಿಯ ಸಿಲೆಬಸ್ಸನ್ನು ಚಾಟ್‌ಜಿಪಿಟಿಯಿಂದ ಬರೆಸುವುದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹರು: ನಾಳೆ ಹನ್ನೊಂದಕ್ಕೆ ಅಧ್ಯಯನ ಮಂಡಳಿಯ ಸಭೆ ಇಟ್ಟುಕೊಂಡು ಇಂದು ರಾತ್ರಿಯವರೆಗೂ ಒಂದಕ್ಷರ ಬರೆಯದ ಪ್ರಾಧ್ಯಾಪಕರು. ಪ್ರಯೋಜನ: ಊಟದ ಹೊತ್ತಿಗೆ ಸಭೆ ಮುಗಿದು ಟಿಎ-ಡಿಎ ಫಾರಂ ಕೈಗೆ ಬರುವುದು. ಸಂಬಂಧಕ್ಕೆ ಬೇರೆ ಕೋಷ್ಟಕವೇ ಉಂಟು, ಮುಂದೆ ಬರುತ್ತದೆ. (ಅಧಿಕಾರಿಗಳನ್ನು ಸೋಮಾರಿಗಳೆನ್ನಬಾರದು. ಎನ್‌ಇಪಿ ಬಂತೆಂದು 2021-22ರಲ್ಲಿ ಒಮ್ಮೆ, ನಾಲ್ಕು ವರ್ಷದ ಪದವಿ ಹೋಯಿತೆಂದು 2024-25ರಲ್ಲಿ ಮತ್ತೊಮ್ಮೆ, ಕರ್ನಾಟಕದಲ್ಲಿ ಎಲ್ಲವನ್ನೂ ಹೊಸದಾಗಿ ಬರೆದು ಅವರು ಸುಸ್ತಾಗಿದ್ದಾರೆ.)

ಮೊದಲು ಕಾಲನಿರ್ಣಯ. ಚಾಟ್‌ಜಿಪಿಟಿ ಅವತರಿಸಿದ್ದು 2022ರ ನವೆಂಬರ್ 30ರಂದು. ಬರೆಯುವ ಯಂತ್ರ ವಿಶ್ವವಿದ್ಯಾಲಯಕ್ಕೆ ಬಂದದ್ದೂ ಆಗಲೇ ಎಂಬ ಮತವನ್ನು ಖಂಡಿಸುತ್ತೇವೆ. ಹಳೆಯ ಬರಹಗಳ ರಾಶಿಯನ್ನು ನುಂಗಿ, ಒಂದು ಪದದ ಮುಂದೆ ಯಾವುದು ಬರುವ ಸಂಭವ ಹೆಚ್ಚೋ ಅದನ್ನೇ ಇಡುತ್ತ ಹೋಗುವುದು ಯಂತ್ರದ ಲಕ್ಷಣ. ನೆರೆಯ ವಿಶ್ವವಿದ್ಯಾಲಯದ ಸಿಲೆಬಸ್ ತರಿಸಿ, ಮೂರನೇ ಘಟಕವನ್ನು ಎರಡನೆಯದಾಗಿಸಿ, ‘ಪರಿಚಯ’ ಎಂದಿದ್ದಲ್ಲಿ ‘ಸ್ಥೂಲ ಪರಿಚಯ’ ಎಂದು ತಿದ್ದುವುದು ಮಂಡಳಿಯ ಲಕ್ಷಣ. ಲಕ್ಷಣ ಒಂದೇ ಆದಮೇಲೆ ವಸ್ತುವೂ ಒಂದೇ. ಯಂತ್ರ ಕರೆಂಟಿನಿಂದ ನಡೆಯುತ್ತದೆ, ಮಂಡಳಿ ಬೋಂಡಾದಿಂದ.

ಬೆಂಜಮಿನ್ ಬ್ಲೂಮಾಚಾರ್ಯರು 1956ರಲ್ಲಿ ಕಲಿಕೆಗೆ ಆರು ಮೆಟ್ಟಿಲು ಕಟ್ಟಿದರು. 2001ರಲ್ಲಿ ಅವರ ಪರಂಪರೆಯವರು ಅದನ್ನು ಜೀರ್ಣೋದ್ಧಾರ ಮಾಡಿ ತುದಿಯಲ್ಲಿ ‘ಸೃಷ್ಟಿಸು’ ಎಂಬುದನ್ನು ಪ್ರತಿಷ್ಠಾಪಿಸಿದರು. ಕೋರ್ಸಿನ ಫಲಿತಗಳನ್ನು ಈಗ ಆ ಮೆಟ್ಟಿಲುಗಳ ಭಾಷೆಯಲ್ಲೇ ಬರೆಯಬೇಕು. ಹಳೇ ಮೇಷ್ಟ್ರು ‘ಹುಡುಗರಿಗೆ ಪಂಪ ಅರ್ಥವಾಗಬೇಕು’ ಎಂದು ಬರೆದುಕೊಟ್ಟರೆ ಕಾರ್ಯಾಗಾರದಲ್ಲಿ ನಗುತ್ತಾರೆ. ಅರ್ಥವಾಗುವುದನ್ನು ಅಳೆಯಲಾಗದಂತೆ. ಯಂತ್ರ ಅದನ್ನೇ ಹೀಗೆ ತಿದ್ದಿತು: ‘ಕೋರ್ಸಿನ ಕೊನೆಗೆ ವಿದ್ಯಾರ್ಥಿಯು ಪಂಪಭಾರತವನ್ನು ಗುರುತಿಸುವನು, ಅನ್ವಯಿಸುವನು, ವಿಶ್ಲೇಷಿಸುವನು ಮತ್ತು ಸೃಷ್ಟಿಸುವನು.’ ಸೃಷ್ಟಿಸುವುದು ಅತಿಯಾಯಿತೆಂಬ ಆಕ್ಷೇಪ ನಿಲ್ಲದು. ಪಂಪನೂ ಅದನ್ನು ಆರು ತಿಂಗಳಲ್ಲಿ ಮುಗಿಸಿದನೆಂದು ಪ್ರಸಿದ್ಧಿ; ಸೆಮಿಸ್ಟರಿನ ಅವಧಿಯೂ ಅಷ್ಟೇ. ಇಂಟರ್ನಲ್ಸ್ ಇರಲಿಲ್ಲ ಎಂಬುದೊಂದೇ ಅವನಿಗಿದ್ದ ಅನುಕೂಲ.

ಸಂಬಂಧ ಕೋಷ್ಟಕದಲ್ಲಿ ಕೋರ್ಸಿನ ಫಲಿತಗಳನ್ನು ಪದವಿಯ ಫಲಿತಗಳಿಗೆ ಗಂಟುಹಾಕಿ 1, 2, 3 ಎಂದು ತುಂಬಬೇಕು. ಬನವಾಸಿಯ ವರ್ಣನೆಗೆ ‘ಪರಿಸರ ಮತ್ತು ಸುಸ್ಥಿರತೆ’ಯಲ್ಲಿ ಯಂತ್ರ 3 ಕೊಟ್ಟಿತು. ಮಿಕ್ಕ ಕಡೆಯೆಲ್ಲ 2. ಪ್ರಾಧ್ಯಾಪಕರೂ 2 ಅನ್ನೇ ಹಾಕುತ್ತಿದ್ದರು.

ಇನ್ನು ಪರಾಮರ್ಶನ ಗ್ರಂಥಗಳು. ಇಲ್ಲಿ ವಾದ ಸೂಕ್ಷ್ಮ. ಯಂತ್ರದ ಪಟ್ಟಿಯಲ್ಲಿ ಲೇಖಕರುಂಟು, ಪ್ರಕಾಶಕರುಂಟು, ಇಸವಿಯುಂಟು, ಪುಸ್ತಕವೊಂದಿಲ್ಲ. ಪೂರ್ವಪಕ್ಷಿ ಇದನ್ನು ಮಹಾದೋಷವೆನ್ನುತ್ತಾನೆ. ಆದರೆ ನೈಯಾಯಿಕರ ಪ್ರಕಾರ ಅಭಾವ ನಾಲ್ಕು ಬಗೆ. ಯಂತ್ರ ಹೇಳಿದ ಪುಸ್ತಕವನ್ನು ಇನ್ನೂ ಯಾರೂ ಬರೆದಿಲ್ಲ, ಆದ್ದರಿಂದ ಅದು ಪ್ರಾಗಭಾವ. ಮಂಡಳಿ ಹೇಳಿದ್ದು ಒಂದು ಕಾಲಕ್ಕೆ ಇತ್ತು, ಗೆದ್ದಲು ತಿಂದಿತು: ಪ್ರಧ್ವಂಸಾಭಾವ. ಕ್ಯಾಟಲಾಗಿನ ನಂಬರು ಹಿಡಿದು ಹೋದರೆ ಆ ಜಾಗದಲ್ಲಿ ಬ್ಯಾಂಕ್ ಪರೀಕ್ಷೆಯ ಗೈಡು: ಅನ್ಯೋನ್ಯಾಭಾವ. ಪುಸ್ತಕವಿದ್ದೂ ಬೀರುವಿನ ಬೀಗದಕೈ ರಜೆಯ ಮೇಲಿರುವ ಗ್ರಂಥಪಾಲಕರ ಬಳಿ ಇದ್ದರೆ, ಓದುವವನ ಪಾಲಿಗೆ ಅತ್ಯಂತಾಭಾವ. ನಾಲ್ಕರಲ್ಲೂ ವಿದ್ಯಾರ್ಥಿ ಓದುವುದು ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯ ನೋಟ್ಸನ್ನೇ. ಫಲ ಸಮಾನವಾದ್ದರಿಂದ ಯಂತ್ರವೊಂದನ್ನೇ ದೂರುವುದು ನ್ಯಾಯವಲ್ಲ.

ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾತ್ರ, ‘ಇದೆಲ್ಲ ಸರಿ ಸಾರ್, ಪಾಠ ಮಾಡೋರು ಯಾರು?’ ಎಂದರು. ಈ ಪ್ರಶ್ನೆ ಅನುಬಂಧ ಚತುಷ್ಟಯದಲ್ಲಿ ಇರಲಿಲ್ಲ. ಯಂತ್ರವನ್ನು ಕೇಳಲಾಗಿ, ‘ನುರಿತ ಅಧ್ಯಾಪಕರ ತಂಡ’ ಎಂದಿತು. ವಾಸ್ತವದಲ್ಲಿ ವಿಭಾಗಕ್ಕಿರುವುದು ಸೆಮಿಸ್ಟರ್ ಅರ್ಧ ಕಳೆದ ಮೇಲೆ ಆದೇಶ ಸಿಗುವ ಇಬ್ಬರು ಅತಿಥಿ ಉಪನ್ಯಾಸಕರು. ತಂಡದ್ದು ಮೇಲಿನ ನಾಲ್ಕರಲ್ಲಿ ಯಾವ ಅಭಾವವೆಂದು ತೀರ್ಮಾನಿಸಲು ಉಪಸಮಿತಿಯೊಂದನ್ನು ರಚಿಸಿ, ಸಿಲೆಬಸ್ಸನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.