ಕಿತ್ತೂರು ವಿನಿಮಯ ಸಿದ್ಧಾಂತ

ವಿದ್ಯಾರ್ಥಿ ವಿನಿಮಯ ಯುರೋಪಿನಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ಆ ಪಕ್ಷದ ಪಂಡಿತರು 1987ರ ಎರಾಸ್ಮಸ್ ಯೋಜನೆಯನ್ನು ಸಾಕ್ಷಿಗೆ ಕರೆಯುತ್ತಾರೆ. ವಿನಿಮಯ 1824ರ ಅಕ್ಟೋಬರ್ 23ರಂದು, ಮುಂದೆ ಸಂಪಗಾಂವ ತಾಲ್ಲೂಕಿಗೆ ಸೇರಿದ ಕಿತ್ತೂರಿನ ಕೋಟೆಯಲ್ಲಿ ಹುಟ್ಟಿತೆಂಬುದು ನಮ್ಮ ಸಿದ್ಧಾಂತ.

ಪ್ರಮಾಣ ಹೀಗಿದೆ. ಅಂದು ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು ಸಮೇತ ಕೋಟೆ ಬಾಗಿಲಿಗೆ ಬಂದ. ಪ್ರವೇಶ ಪರೀಕ್ಷೆಯಲ್ಲೇ ಜೀವ ಹೋಯಿತು. ಅವನ ಸಹಾಯಕರಾದ ಎಲಿಯಟ್, ಸ್ಟೀವನ್‌ಸನ್ ಇಬ್ಬರೂ ಪಾಸಾಗಿ ಸೆರೆ ಸಿಕ್ಕರು. ಊಟ, ವಸತಿ ಚೆನ್ನಮ್ಮ ರಾಣಿಯ ಖರ್ಚು. ವಾಲ್ಟರ್ ಎಲಿಯಟ್‌ಗೆ ಆಗ 21 ವರ್ಷ, ಪರದೇಶದ ಓದಿಗೆ ಹೇಳಿ ಮಾಡಿಸಿದ ಪ್ರಾಯ. ಸೆರೆಯನ್ನು ಓದೆನ್ನಬಹುದೇ ಎಂದು ಆಕ್ಷೇಪಿಸುವವರು ಹೊರದೇಶದ ಹಾಸ್ಟೆಲ್ ಕೋಣೆಯಲ್ಲಿ ಒಂದು ಚಳಿಗಾಲ ಕಳೆದು ಬಂದವರನ್ನು ಕೇಳಲಿ.

ಫಲ ದೊಡ್ಡದು. ಬಿಡುಗಡೆಯಾದ ಎಲಿಯಟ್ ಮುಂದೆ ಈ ಸೀಮೆಯ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ. ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಮೇಲೆ ಬರೆದ. (ಈ ಉಪಕಾರವನ್ನು ಅಣಕು ಪ್ರಬಂಧವೂ ಒಪ್ಪಲೇಬೇಕು.) 1845ರಲ್ಲಿ ಅವನು ಅಮರಾವತಿಯಲ್ಲಿ ಅಗೆಸಿದ ಶಿಲ್ಪಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆ ಲಗೇಜನ್ನು ಯಾರೂ ತೂಗಲಿಲ್ಲ.

ಇಂದು ಜರ್ಮನಿಗೆ ಹೊರಟ ಬೈಲಹೊಂಗಲದ ಹುಡುಗನಿಗೆ 23 ಕೆ.ಜಿ. ಮಿತಿ. ಅವ್ವ ಖಡಕ್ ರೊಟ್ಟಿಯ ಗಂಟನ್ನು ಹಿಡಿದು ಬ್ಯಾಗಿನ ಮುಂದೆ ಕೂತಿದ್ದಾಳೆ. ಶೇಂಗಾ ಚಟ್ನಿಗೆ ಮೂರು ಪ್ಲಾಸ್ಟಿಕ್ ಚೀಲ, ಎಣ್ಣೆ ಸೋರಬಾರದೆಂದು. "ತಮ್ಮಾ, ಆ ಕೋಟ್ ಬಿಟ್ಟರ ಇನ್ನೊಂದ ಹತ್ತ ರೊಟ್ಟಿ ಹಿಡೀತಾವ ನೋಡು." ಇದಕ್ಕೂ ಮೊದಲು ಅವನು ಭಾಷಾ ಪರೀಕ್ಷೆ ಬರೆದಿದ್ದಾನೆ, ಬ್ಯಾಂಕಿನಲ್ಲಿ ದುಡ್ಡು ತೋರಿಸಿದ್ದಾನೆ, ಓದು ಮುಗಿಸಿ ಊರಿಗೆ ಮರಳುತ್ತೇನೆಂದು ವೀಸಾದವರನ್ನು ನಂಬಿಸಿದ್ದಾನೆ. ಮರಳುವ ಮಾತನ್ನು ಕಂಪನಿ ಸರ್ಕಾರದಿಂದ ಯಾರೂ ಬರೆಸಿಕೊಂಡಿರಲಿಲ್ಲ.

 

ಇನ್ನು ಲೆಕ್ಕ. ರಾಣಿ ಆ ಇಬ್ಬರು ಸೆರೆಯಾಳುಗಳನ್ನೂ ಬಿಟ್ಟುಕೊಟ್ಟಳು. 1824ರ ಡಿಸೆಂಬರಿನಲ್ಲೇ ಕಂಪನಿ ಕೋಟೆ ಹಿಡಿದು ಅವಳನ್ನು ಬೈಲಹೊಂಗಲಕ್ಕೆ ಒಯ್ದಿತು. 1829ರಲ್ಲಿ ಅವಳು ಸೆರೆಯಲ್ಲೇ ತೀರಿಕೊಂಡಳು. ಕೊಟ್ಟವರು ನಾವು, ಒಯ್ದವರು ಅವರು. ಇದಕ್ಕೆ ವಿನಿಮಯವೆಂಬ ಹೆಸರು ಸಲ್ಲದೆಂದು ನಮ್ಮ ಸಿದ್ಧಾಂತವನ್ನು ನಾವೇ ತಳ್ಳಿಹಾಕುತ್ತಿದ್ದೇವೆ.