ಮಾವನ ಟೂರು

ಶಿಕಾರಿಪುರದ ನಮ್ಮ ಸೋದರಮಾವನಿಗೆ ಹೋಟೆಲ್ಲಿನ ಮೇಲೆ ಸಿಟ್ಟಿಲ್ಲ, ಹೋಟೆಲ್ಲಿನ ಬಿಲ್ಲಿನ ಮೇಲೆ ಮಾತ್ರ. ಇಡ್ಲಿ ತಟ್ಟೆ ಮುಂದೆ ಬಂದ ಕೂಡಲೇ ಅಕ್ಕಿ ಎಷ್ಟು, ಉದ್ದು ಎಷ್ಟು, ಗ್ಯಾಸ್ ಎಷ್ಟು ಅಂತ ಬೆರಳು ಮಡಚಿ, "11 ರೂಪಾಯಿ ಬಿದ್ದಿರ್ತದೆ, 40 ಇಸ್ಕೊಳ್ತಾನೆ" ಅನ್ನುತ್ತಾರೆ. ಆಮೇಲೆ ಎದುರಿಗೆ ಕೂತವನ ಗಂಟಲಲ್ಲಿ ಇಡ್ಲಿ ಇಳಿಯುವುದಿಲ್ಲ. ಅಡಿಕೆ ಮಂಡಿಯಲ್ಲಿ 32 ವರ್ಷ ಲೆಕ್ಕ ಬರೆದವರು. ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಇದೆಯಲ್ಲ, ಹಾಗೆ ಭೂಮಿಯ ಮೇಲಿರುವ ಎಲ್ಲಕ್ಕೂ ಇದೆ ಎಂದು ನಂಬಿದವರು. ನಾನು ಹತ್ತನೇ ಕ್ಲಾಸಿನ ಗಣಿತದಲ್ಲಿ 35 ತೆಗೆದ ವರ್ಷ ನನ್ನನ್ನು ಗೊರಬಲಿಗೆ ಹಾಕಿದರು. ಇವತ್ತಿನವರೆಗೆ ಬಡ್ತಿ ಸಿಕ್ಕಿಲ್ಲ.

ಇಂಥವರ ಕಿವಿಗೆ ಗೋಕರ್ಣದಲ್ಲಿ ಅಡುಗೆಮನೆ ಸಮೇತ ಮನೆಗಳು ದಿನದ ಬಾಡಿಗೆಗೆ ಸಿಗುತ್ತವೆ ಎಂಬ ಸುದ್ದಿ ಯಾರು ಹಾಕಿದರೋ ಕಾಣೆ. ಗ್ಯಾಸ್ ಒಲೆ ಇದೆ, ಪಾತ್ರೆ ಇದೆ, ಫ್ರಿಜ್ ಇದೆ, ಕಿಟಕಿ ತೆಗೆದರೆ ಸಮುದ್ರ ಇದೆ. ಮಾವ ಕೊನೆಯದನ್ನು ಬಿಟ್ಟು ಉಳಿದ ಮೂರನ್ನೂ ಫೋನಿನಲ್ಲಿ ಎರಡೆರಡು ಸಲ ಖಾತ್ರಿ ಮಾಡಿಕೊಂಡರು. ಮೇ ಮೊದಲ ವಾರ, 3 ದಿನ, 11 ಜನ, ಒಂದು ಟಿಟಿ ಗಾಡಿ. ಶಿಕಾರಿಪುರದಿಂದ ಅವರ ಸಂಸಾರ ಹೊರಟು, ಶಿರಾಳಕೊಪ್ಪದ ಮೇಲೆ ಬಂದು, ಸೊರಬದಲ್ಲಿ ನಮ್ಮನ್ನು ಹತ್ತಿಸಿಕೊಳ್ಳುವುದು ಅಂತ ಏರ್ಪಾಡು.

ಬೆಳಿಗ್ಗೆ 6ಕ್ಕೆ ಗಾಡಿ ಬಂದಾಗ ಹತ್ತಲು ಜಾಗ ಇರಲಿಲ್ಲ. ಪಾತ್ರೆ ಕೊಡುತ್ತಾರೆ ಅಂದ ಮಾತ್ರಕ್ಕೆ ಅದರಲ್ಲಿ ಅಡುಗೆ ಮಾಡಲಾಗುತ್ತದೆಯೇ? ಎರಡು ಕುಕ್ಕರ್, ರೊಟ್ಟಿ ಹಂಚು, ಮಿಕ್ಸಿ, ಈಳಿಗೆಮಣೆ, ಜೋಳದ ಹಿಟ್ಟಿನ ಡಬ್ಬ, ಶೇಂಗಾ ಚಟ್ನಿಪುಡಿ, ಅರ್ಧ ಚೀಲ ಮಂಡಕ್ಕಿ, ಎರಡು ಕ್ಯಾನ್ ಕುಡಿಯುವ ನೀರು. ತೆಂಗಿನಕಾಯಿ 6. ಕರಾವಳಿಗೆ ತೆಂಗಿನಕಾಯಿ ಒಯ್ದವರು ನಮ್ಮ ವಂಶದಲ್ಲಿ ಇವರೇ ಮೊದಲಿಗರು. "ಅಲ್ಲಿ ಟೂರಿಸ್ಟ್ ರೇಟು ಹಾಕ್ತಾರೆ" ಎಂದರು. ಹಿಂದಿನ ಸೀಟಿನಲ್ಲಿ ಗಂಟುಗಳ ನಡುವೆ ಮುಖ ಮಾತ್ರ ಕಾಣುತ್ತಿದ್ದ ಅತ್ತೆ, "ನಮ್ ತಾಲ್ಲೂಕಿನ ಉಡುತಡಿಯಿಂದ ಅಕ್ಕಮಹಾದೇವಿ ಶ್ರೀಶೈಲದ ತನಕ ಬರಿಗೈಲಿ ಹೋದಳು. ಇವರು ಗೋಕರ್ಣಕ್ಕೆ ಸಾಸಿವೆ ಡಬ್ಬ ಹೊತ್ಕೊಂಡು ಹೊರಟಾರೆ" ಎಂದರು.

ನಮ್ಮ ಮನೆಯವರೂ ಸಾಮಾನ್ಯರಲ್ಲ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಶಿಕಾರಿಪುರದ ಕಡೆಯವರಿಗೆ ರೊಟ್ಟಿ ಇಲ್ಲದಿದ್ದರೆ ಊಟವಾಗುವುದಿಲ್ಲ, ಸೊರಬದ ಅಪ್ಪನಿಗೆ ತಂಬುಳಿ ಇಲ್ಲದಿದ್ದರೆ ಎಲೆಯ ಮುಂದೆ ಕೂರಲಾಗುವುದಿಲ್ಲ. ಅವರು ಒಂದೆಲಗವನ್ನು ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಇಷ್ಟು ಸಾಲದೆಂದು ಮಾವ ಗಾಡಿಯಿಂದ ಇಳಿದು ನಮ್ಮ ಹಿತ್ತಲಿಗೆ ಹೋಗಿ, ಹಲಸಿನ ಮರದ ಬುಡದಲ್ಲಿ ನಿಂತು, ಒಂದೊಂದೇ ಕಾಯಿಯನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಕೊನೆಗೆ ಒಂದನ್ನು ಆರಿಸಿ, "ಇದು ಬಕ್ಕೆ. ಸರಕು ಮಾಲು. ನಾಳೆ ಸಂಜಿಗೆ ಹಣ್ಣಾಗ್ತದೆ, ಸಮುದ್ರದ ದಂಡೆ ಮೇಲೆ ಕೂತು ತಿನ್ನೋಣ" ಎಂದು ಘೋಷಿಸಿದರು. ಅದಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನು ಟೂಲ್ ಬಾಕ್ಸಿನ ಮೇಲೆ ಕೂತೆ.

ಜೋಗದಲ್ಲಿ ಗಾಡಿ ನಿಂತಿದ್ದು ಜಲಪಾತಕ್ಕಲ್ಲ, ಉಪ್ಪಿಟ್ಟಿಗೆ. ಬೇಸಿಗೆಯಲ್ಲಿ ಶರಾವತಿಯ ನೀರೆಲ್ಲ ಲಿಂಗನಮಕ್ಕಿಯ ಹಿಂದೆ ಕೂತಿರುತ್ತದೆ. 830 ಅಡಿ ಬಂಡೆಯ ಮೇಲಿಂದ ಯಾರೋ ಒದ್ದೆ ಪಂಚೆ ಒಣಹಾಕಿದಂತೆ ಎರಡು ಎಳೆ ಇಳಿಯುತ್ತಿತ್ತು. ಮಾವ ಸ್ಟೀಲ್ ಡಬ್ಬದ ಮುಚ್ಚಳ ತೆಗೆಯುತ್ತಾ ಅತ್ತ ಒಮ್ಮೆ ನೋಡಿ "ಗೊರಬಲು" ಎಂದರು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದೇ ಏಟಿಗೆ ನನ್ನ ದರ್ಜೆಗೆ ಬಂದವು. ನನಗೆ ಒಳಗೊಳಗೇ ಖುಷಿಯಾಯಿತು.

ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಮುಟ್ಟುವಷ್ಟರಲ್ಲಿ ಮಕ್ಕಳಿಬ್ಬರು ವಾಂತಿ ಮಾಡಿ ಹಗುರವಾಗಿದ್ದರು. ಕುಮಟಾದ ಹತ್ತಿರ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯನ್ನು ಜಡೆ ಹೆಣೆದ ಹಾಗೆ ಗೊಂಚಲು ಕಟ್ಟಿ ತೂಗುಹಾಕಿದ್ದರು. ಮನೆಯಿಂದ 4 ಕಿಲೋ ಈರುಳ್ಳಿ ತಂದಿದ್ದರೂ ಮಾವ ಇಳಿದು ಅರ್ಧ ಗಂಟೆ ಚೌಕಾಸಿ ಮಾಡಿ ಎರಡು ಗೊಂಚಲು ತಂದು ಡ್ರೈವರನ ತಲೆಯ ಮೇಲೆ ನೇತುಹಾಕಿದರು. ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದ ಮೇಲೆ ಸಾಣಿಕಟ್ಟೆ. ಗದ್ದೆ ಗದ್ದೆ ಉಪ್ಪು, ಬಿಸಿಲಿಗೆ ಕಣ್ಣು ಕುಕ್ಕುವ ಉಪ್ಪಿನ ಗುಡ್ಡೆಗಳು. ಆ ಬೆಳ್ಳಗಿನ ಗುಡ್ಡೆಗಳ ಮಧ್ಯೆ ನಮ್ಮ ಗಾಡಿ ಹೋಗುವಾಗ ಮಾವನ ಕಾಲಡಿ, ಶಿಕಾರಿಪುರದ ಅಂಗಡಿಯಲ್ಲಿ ಕೊಂಡ 2 ಕಿಲೋ ಉಪ್ಪಿತ್ತು. ಯಾರೂ ಮಾತಾಡಲಿಲ್ಲ. ಅತ್ತೆ ಮಾತ್ರ ಕಿಟಕಿಯ ಹೊರಗೊಮ್ಮೆ, ಆ ಪೊಟ್ಟಣವನ್ನೊಮ್ಮೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮನೆ ಚೆನ್ನಾಗಿತ್ತು. ಸಾಮಾನು ಇಳಿಯುವುದನ್ನು ನೋಡುತ್ತಾ ನಿಂತಿದ್ದ ಮನೆಯ ಯಜಮಾನರು "ಎಂತ ಮಾರಾಯ್ರೆ, ಮೂರು ದಿವ್ಸಕ್ಕೋ ಮೂರು ವರ್ಷಕ್ಕೋ?" ಎಂದು ಕೇಳಿದರು. ಮಾವನಿಗೆ ಕೇಳಿಸಲಿಲ್ಲ, ಅವರು ಆಗಲೇ ಸಿಲಿಂಡರ್ ಅಲ್ಲಾಡಿಸಿ, "ಮುಕ್ಕಾಲು ಐತಿ" ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪಾತ್ರೆ ತೊಳೆಯುವ ಸಿಂಕಿನ ನೆತ್ತಿಗೆ ಸರಿಯಾಗಿ ಒಂದು ಕಿಟಕಿ, ಅದರಲ್ಲಿ ಒಂದು ಗೇಣು ಅರಬ್ಬೀ ಸಮುದ್ರ.

ಅಡುಗೆಮನೆಯನ್ನು ಸೌಲಭ್ಯಗಳ ಪಟ್ಟಿಗೆ ಸೇರಿಸುವವರು ಗಂಡಸರೇ ಇರಬೇಕು ಎಂಬ ಅನುಮಾನ ನನಗೆ ಹುಟ್ಟಿದ್ದು ಆ ಕಿಟಕಿ ನೋಡಿ. ಮಾರನೇ ಬೆಳಿಗ್ಗೆ ಎಚ್ಚರವಾದಾಗ ತಪತಪ ಸದ್ದು. ಅಲೆ ಇರಬೇಕು ಅಂತ ಕಣ್ಣು ಮುಚ್ಚಿಯೇ ಸುಖಪಟ್ಟೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಅಮ್ಮ ಅಪ್ಪನ ಒಂದೆಲಗ ಅರೆಯುತ್ತಿದ್ದರು. 8ಕ್ಕೆ ತಿಂಡಿ, 11ಕ್ಕೆ ಮಜ್ಜಿಗೆ, 1ಕ್ಕೆ ಊಟ, 4ಕ್ಕೆ ಮಂಡಕ್ಕಿ ಒಗ್ಗರಣೆ. ಸಮುದ್ರದ ಗಾಳಿಗೆ ಹಸಿವು ಜಾಸ್ತಿ ಎನ್ನುತ್ತಾರೆ, ನಿಜ. ನಾನು 7 ರೊಟ್ಟಿ ತಿಂದೆ. ನಾಚಿಕೆಯಾಗಿದ್ದು ಈಗ, ಬರೆಯುವಾಗ. ಪ್ರತಿ ಊಟದ ನಂತರ ಮಾವ ಪುಸ್ತಕದ "ಉಳಿತಾಯ" ಎಂಬ ಕಾಲಂನಲ್ಲಿ 11 ಜನರ ಹೋಟೆಲ್ ಬಿಲ್ಲನ್ನು ಬರೆದುಕೊಳ್ಳುತ್ತಿದ್ದರು. ಎರಡನೇ ದಿನದ ಮಧ್ಯಾಹ್ನಕ್ಕೆ ಅವರು ಟೂರಿನಲ್ಲಿ ಲಾಭದಲ್ಲಿದ್ದರು.

ಮಾವನ ಸಮುದ್ರಸ್ನಾನವನ್ನೂ ಹೇಳಿಬಿಡುತ್ತೇನೆ. ಮನೆಯಿಂದ ಬಕೆಟ್ಟು, ಚೊಂಬು ತಂದು, ಅಲೆ ಮುಟ್ಟದ ಕಡೆ ಪಂಚೆ ಎತ್ತಿ ಕಟ್ಟಿ ನಿಂತು, ನನ್ನ ಕೈಲಿ ಬಕೆಟ್ಟಿಗೆ ಸಮುದ್ರ ತುಂಬಿಸಿಕೊಂಡು, ಚೊಂಬಿನಲ್ಲಿ ಮೊಗೆದು ಮೊಗೆದು ಹೊಯ್ದುಕೊಂಡರು. ಬೆಂಗಳೂರಿನ ಹುಡುಗರು ನಿಂತು ವಿಡಿಯೋ ಮಾಡಿದರು.

ಅವತ್ತು ಸಂಜೆ ಆರೂವರೆಗೆ ಅತ್ತೆ ಮೊದಲ ಸಲ ಮರಳಿನ ಮೇಲೆ ಬಂದರು. ಬೆಳಗಿನಿಂದ ಸಿಂಕಿನ ಮೇಲೆ ಒಂದು ಗೇಣು ಇದ್ದ ಸಮುದ್ರ ಇಲ್ಲಿ ಅಳತೆಗೆ ಸಿಗದಷ್ಟು ಇತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ನೆರಿಗೆ ಸ್ವಲ್ಪ ಮೇಲೆತ್ತಿ, ಪಾದ ಮುಳುಗುವಷ್ಟು ನೀರಿಗೆ ಹೋದರು. ಒಂದು ಅಲೆ ಬಂದು ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಹುಡುಗಿಯ ಹಾಗೆ ಕಿರುಚಿ ಅಮ್ಮನ ತೋಳು ಹಿಡಿದರು. ಇನ್ನೊಂದು ಅಲೆ ಬಂತು. ಸೂರ್ಯ ಕೆಂಪಾಗಿ ಕೆಳಗೆ ಬರುತ್ತಿದ್ದ. ಮೂರನೆಯದು ಬರುವಷ್ಟರಲ್ಲಿ ಅತ್ತೆಯ ಮುಖ ಬದಲಾಯಿತು. "ಬೇಳೆ ಕುಕ್ಕರ್ ಆಫ್ ಮಾಡಿದ್ನಾ?"

ಆಫ್ ಮಾಡಿದ್ದರು. ಅದು ಗೊತ್ತಾಗಿದ್ದು ಅವರು ಓಡಿ ಮನೆ ಮುಟ್ಟಿದ ಮೇಲೆ. ತಿರುಗಿ ದಂಡೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು.

ಮೂರನೇ ದಿನ ಬೆಳಿಗ್ಗೆ ತಪತಪ ಸದ್ದು ಬಂತು. ಅದು ನಿಜವಾಗಿಯೂ ಅಲೆ. ಅತ್ತೆ ಮತ್ತು ಅಮ್ಮ ತಲೆ ಬಾಚಿಕೊಂಡು, ಹೂ ಮುಡಿದು, ಜಗಲಿಯಲ್ಲಿ ಕೂತಿದ್ದರು. ಮಹಾಬಲೇಶ್ವರನ ದರ್ಶನ ಮುಗಿಸಿ ರಥಬೀದಿಯ ಒಂದು ಹೋಟೆಲ್ಲಿಗೆ ನಡೆದರು; ನಾವು ಹಿಂದೆ. ಅತ್ತೆ ಮಸಾಲೆ ದೋಸೆ ತರಿಸಿ ನಿಧಾನವಾಗಿ ತಿಂದರು. ಆಮೇಲೆ ಇನ್ನೊಂದು ತರಿಸಿದರು. ಮಾವ ಬೆರಳು ಮಡಚಲು ಶುರುಮಾಡಿ, ಅತ್ತೆ ನೋಡಿದ ನೋಟಕ್ಕೆ ಮತ್ತೆ ಬಿಡಿಸಿದರು. ಬಿಲ್ಲು ಅಪ್ಪ ಕೊಟ್ಟರು. "ಭಾವ ಕೊಟ್ಟಿದ್ದು ನನ್ ಲೆಕ್ಕಕ್ಕೆ ಬರಲ್ಲ" ಎಂದು ಮಾವ ಪುಸ್ತಕ ತೆಗೆಯಲೇ ಇಲ್ಲ.

ವಾಪಸು ದೊಡ್ಡಮನೆ ಘಾಟಿಯ ಮೇಲೆ. ಮೂರು ದಿನವೂ ಕಲ್ಲಿನಂತಿದ್ದ ಹಲಸು, ಮನೆಗೆ ಬೀಗ ಹಾಕಿ ಗಾಡಿ ಹತ್ತಿದ ಗಳಿಗೆಗೆ ಹಣ್ಣಾಗಲು ತೀರ್ಮಾನಿಸಿತು. ಘಾಟಿಯ ತಿರುವಿಗೊಂದು ಪದರ ವಾಸನೆ ಏರಿತು. ಸಿದ್ದಾಪುರ ಬರುವಷ್ಟರಲ್ಲಿ ಡ್ರೈವರ್ ಮೂಗಿಗೆ ಟವೆಲ್ ಕಟ್ಟಿದ್ದ. ತೆಂಗಿನಕಾಯಿ 4, ಉಪ್ಪು ಒಂದೂ ಮುಕ್ಕಾಲು ಕಿಲೋ, ಮುಟ್ಟದ ಒಂದು ಕ್ಯಾನ್ ನೀರು ಸಹ ನಮ್ಮೊಂದಿಗೆ ಕ್ಷೇಮವಾಗಿ ಮರಳಿದವು.

ಸೊರಬದ ನಮ್ಮ ಅಂಗಳದಲ್ಲಿ ಗೋಣಿಚೀಲ ಹಾಸಿ, ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಮಾವ ಹಣ್ಣು ಕೊಯ್ದರು. ಬಕ್ಕೆಯಾಗಿರಲಿಲ್ಲ. ಶುದ್ಧ ಅಂಬಲಿ, ತೊಳೆ ಹಿಡಿಯಲು ಹೋದರೆ ಬೆರಳ ಸಂದಿಯಿಂದ ಜಾರಿ ಮೊಣಕೈಯವರೆಗೆ ಹರಿಯಿತು. ಮಾವ ಎರಡೂ ಕೈ ಗಾಳಿಯಲ್ಲಿ ಹಿಡಿದು ಕೂತರು. ಅತ್ತೆ ಹಣ್ಣಿನ ಕಡೆ ನೋಡಲೇ ಇಲ್ಲ. ಮಾವನನ್ನೇ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಹೇಳಿದರು:

"ಗೊರಬಲು."